ಮೊದಲ ದೂರದರ್ಶಕ: ಜೋಡಣೆ, ಬಳಕೆ, ಜೋಪಾನ

ಹವ್ಯಾಸಿಯ ಮೊದಲ ದೂರದರ್ಶಕವೆಂದರೆ ಸಾಮಾನ್ಯವಾಗಿ 60ರಿಂದ 150 ಮಿ.ಮೀ. ವ್ಯಾಸದ ಮಸೂರ ಅಥವಾ ಕನ್ನಡಿಯುಳ್ಳ, ಒಬ್ಬರೇ ಎತ್ತಿಕೊಂಡು ತಾರಸಿಗೆ ಹೋಗಬಹುದಾದ ಉಪಕರಣ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು, ಶನಿಯ ಬಳೆ, ಶುಕ್ರನ ವೃದ್ಧಿಕ್ಷಯಗಳು ಇಷ್ಟರಲ್ಲೇ ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ಉಪಗ್ರಹಗಳನ್ನು ಕಂಡದ್ದು ಸುಮಾರು 20 ಪಟ್ಟು ಹಿಗ್ಗಿಸುವ ಕೊಳವೆಯಿಂದ. ಇಂದು ಅಂಗಡಿಯಲ್ಲಿ ಸಿಗುವ ಸಾಧಾರಣ ದೂರದರ್ಶಕದ ಮಸೂರವೂ ಅದಕ್ಕಿಂತ ಒಳ್ಳೆಯದು.

ಹಾಗಿದ್ದೂ ಉತ್ಸಾಹದಿಂದ ಕೊಂಡ ಎಷ್ಟೋ ದೂರದರ್ಶಕಗಳು ಬೇಗನೆ ಅಟ್ಟ ಸೇರುತ್ತವೆ. ಅದಕ್ಕೆ ಹೆಚ್ಚಾಗಿ ಕಾರಣವಾಗುವುದು ಅಲುಗಾಡುವ ಸ್ಟ್ಯಾಂಡ್, ಹೊಂದಿಸದ ಫೈಂಡರ್ (ಗುರಿ ಹಿಡಿಯುವ ಪುಟ್ಟ ಸಾಧನ), ಅತಿಯಾದ ವರ್ಧನೆ ಮತ್ತು ಮಳೆಗಾಲದ ತೇವ. ನಾಲ್ಕನ್ನೂ ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ ಸರಿಪಡಿಸಿಕೊಳ್ಳಬಹುದು.

ಮೂರು ಬಗೆಗಳು

ಮಸೂರ ದೂರದರ್ಶಕದಲ್ಲಿ ಕೊಳವೆಯ ಮುಂತುದಿಯ ಪೀನ ಮಸೂರ ಬೆಳಕನ್ನು ಕೂಡಿಸುತ್ತದೆ. ಇದಕ್ಕೆ ಆರೈಕೆ ಕಡಿಮೆ ಸಾಕು. ಚಂದ್ರ ಮತ್ತು ಗ್ರಹಗಳಿಗೆ ಚೆನ್ನಾಗಿ ಒಗ್ಗುತ್ತದೆ. ಅಗ್ಗದ ಮಾದರಿಗಳಲ್ಲಿ ಪ್ರಕಾಶಮಾನ ವಸ್ತುಗಳ ಅಂಚಿನಲ್ಲಿ ತೆಳು ನೇರಳೆ ಬಣ್ಣ ಕಾಣುತ್ತದೆ. ಬೇರೆ ಬೇರೆ ಬಣ್ಣದ ಬೆಳಕು ಒಂದೇ ಬಿಂದುವಿನಲ್ಲಿ ಕೂಡದಿರುವುದರಿಂದ ಹೀಗಾಗುತ್ತದೆ.

ಕನ್ನಡಿ ದೂರದರ್ಶಕದಲ್ಲಿ ಕೊಳವೆಯ ತಳದಲ್ಲಿರುವ ನಿಮ್ನ ದರ್ಪಣ ಈ ಕೆಲಸ ಮಾಡುತ್ತದೆ. ನ್ಯೂಟನ್ 1668ರಲ್ಲಿ ರೂಪಿಸಿದ ವಿನ್ಯಾಸವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಮುಖ್ಯ ಕನ್ನಡಿಯಿಂದ ಮರಳಿದ ಬೆಳಕನ್ನು ಓರೆಯಾಗಿಟ್ಟ ಪುಟ್ಟ ಸಮತಲ ಕನ್ನಡಿ ಕೊಳವೆಯ ಪಕ್ಕಕ್ಕೆ ತಿರುಗಿಸುತ್ತದೆ. ಅದೇ ಬೆಲೆಗೆ ಮಸೂರಕ್ಕಿಂತ ದೊಡ್ಡ ವ್ಯಾಸ ಸಿಗುವುದು ಇದರ ಲಾಭ. ಕನ್ನಡಿಗಳ ಹೊಂದಿಕೆಯನ್ನು ಆಗಾಗ ಪರೀಕ್ಷಿಸುತ್ತಿರಬೇಕಾದದ್ದು ಇದು ಕೇಳುವ ಶ್ರಮ.

ಮಸೂರ ಮತ್ತು ಕನ್ನಡಿ ಎರಡನ್ನೂ ಬಳಸುವ ಮ್ಯಾಕ್ಸುಟೋವ್, ಶ್ಮಿಟ್–ಕ್ಯಾಸೆಗ್ರೇನ್ ಮಾದರಿಗಳು ಮೂರನೆಯ ಬಗೆ. ಇವುಗಳ ಕೊಳವೆ ಗಿಡ್ಡ, ಬೆಲೆ ಹೆಚ್ಚು.

ಪೆಟ್ಟಿಗೆಯ ಮೇಲಿನ ಅಂಕಿಗಳು

ದೂರದರ್ಶಕದ ಮೇಲೆ 70/900 ಅಥವಾ 130/650 ಎಂಬಂಥ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಮಸೂರ ಅಥವಾ ಕನ್ನಡಿಯ ವ್ಯಾಸ, ಎರಡನೆಯದು ಸಂಗಮದೂರ, ಅಂದರೆ ಅಲ್ಲಿಂದ ಬೆಳಕು ಕೂಡುವ ಬಿಂದುವಿಗಿರುವ ದೂರ. ಎರಡೂ ಮಿಲಿಮೀಟರ್‌ಗಳಲ್ಲಿರುತ್ತವೆ. ಉಪಕರಣದ ನಿಜವಾದ ಸಾಮರ್ಥ್ಯ ತಿಳಿಯುವುದು ವ್ಯಾಸದಿಂದ. ಕತ್ತಲೆಯಲ್ಲಿ ಪೂರ್ತಿ ಹಿಗ್ಗಿದ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲವಿರುತ್ತದೆ. 70 ಮಿ.ಮೀ. ಮಸೂರ ಅದರ ನೂರು ಪಟ್ಟು ಬೆಳಕನ್ನು ಹಿಡಿಯುತ್ತದೆ.

ದೂರದರ್ಶಕದ ಸಂಗಮದೂರವನ್ನು ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಮಸೂರದ, ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 900 ಮಿ.ಮೀ. ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 36 ಪಟ್ಟು, 10 ಮಿ.ಮೀ. ಹಾಕಿದರೆ 90 ಪಟ್ಟು. ಐಪೀಸಿನ ಅಂಕಿ ಚಿಕ್ಕದಾದಷ್ಟೂ ವರ್ಧನೆ ಹೆಚ್ಚು.

ಈ ಹೆಚ್ಚಳಕ್ಕೂ ಮಿತಿಯಿದೆ. ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಸಾಮಾನ್ಯ ಲೆಕ್ಕ. ಅಂದರೆ 70 ಮಿ.ಮೀ. ದೂರದರ್ಶಕಕ್ಕೆ 140 ಪಟ್ಟೇ ಗಡಿ. ಅದಕ್ಕೂ ಮುಂದೆ ಹೋದರೆ ಬಿಂಬ ದೊಡ್ಡದಾಗುತ್ತದೆ, ಹೊಸ ವಿವರ ಮಾತ್ರ ಏನೂ ಕಾಣುವುದಿಲ್ಲ. 76/700 ಅಳತೆಯ ಪುಟ್ಟ ದೂರದರ್ಶಕದ ಪೆಟ್ಟಿಗೆಯ ಮೇಲೆ '525 ಪಟ್ಟು' ಎಂದು ಮುದ್ರಿಸಿರುವುದುಂಟು. 4 ಮಿ.ಮೀ. ಐಪೀಸಿನಿಂದ ಬರುವ 175 ಪಟ್ಟನ್ನು ಮೂರು ಪಟ್ಟಿನ ಬಾರ್ಲೊ ಮಸೂರದಿಂದ ಗುಣಿಸಿ ಬರೆದ ಅಂಕಿ ಅದು. ಆ ಕನ್ನಡಿಯ ಮಿತಿ ಸುಮಾರು 150. ಕೊಳ್ಳುವಾಗ ವರ್ಧನೆಯನ್ನೇ ದೊಡ್ಡ ಅಕ್ಷರದಲ್ಲಿ ಸಾರುವ ಪೆಟ್ಟಿಗೆಯನ್ನು ಬಿಟ್ಟು ಮುಂದೆ ನಡೆಯುವುದು ಲೇಸು.

ಐಪೀಸಿನ ಕೊಳವೆ 1.25 ಇಂಚಿನದೇ ಎಂಬುದನ್ನೂ ನೋಡಿಕೊಳ್ಳಬೇಕು. ಈ ಅಳತೆಯಿದ್ದರೆ ಮುಂದೆ ಯಾವುದೇ ಕಂಪನಿಯ ಉತ್ತಮ ಐಪೀಸ್ ಕೊಂಡು ಹಾಕಬಹುದು.

ಜೋಡಿಸುವ ಕ್ರಮ

ಮೊದಲ ಸಲದ ಜೋಡಣೆಯನ್ನು ಹಗಲಿನಲ್ಲಿ, ಮನೆಯೊಳಗೆ ಮಾಡಬೇಕು. ಕತ್ತಲೆಯಲ್ಲಿ ಬಿದ್ದ ಸಣ್ಣ ತಿರುಪು ಮತ್ತೆ ಸಿಗುವುದು ಕಷ್ಟ.

ಮೊದಲು ಟ್ರೈಪಾಡನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ ಕಾಲುಗಳನ್ನು ಪೂರ್ತಿ ಅಗಲಿಸಬೇಕು. ಕಾಲುಗಳನ್ನು ಕೊನೆಯವರೆಗೂ ಎಳೆದರೆ ಅಲುಗಾಟ ಹೆಚ್ಚುತ್ತದೆ. ಅರ್ಧಕ್ಕೆ ನಿಲ್ಲಿಸಿ, ಕುರ್ಚಿಯಲ್ಲಿ ಕುಳಿತು ನೋಡುವುದು ಉತ್ತಮ. ಟ್ರೈಪಾಡಿನ ನಡುವೆ ಮರಳಿನ ಚೀಲವನ್ನೋ ನೀರಿನ ಕ್ಯಾನನ್ನೋ ತೂಗುಬಿಟ್ಟರೆ ಹಗುರ ಸ್ಟ್ಯಾಂಡೂ ನೆಲೆ ನಿಲ್ಲುತ್ತದೆ. ಕೊಳವೆಯನ್ನು ಮೆಲ್ಲಗೆ ತಟ್ಟಿ ನೋಡಿ, ಕಂಪನ ಎರಡು ಮೂರು ಸೆಕೆಂಡಿನಲ್ಲಿ ಅಡಗಬೇಕು. ಅಡಗದಿದ್ದರೆ ಕೀಲುಗಳ ತಿರುಪುಗಳನ್ನು ಬಿಗಿಮಾಡಬೇಕು. ಪ್ಲಾಸ್ಟಿಕ್ ಭಾಗಗಳಿಗೆ ಕೈಬಿಗಿ ಸಾಕು, ಇಕ್ಕಳ ಬಳಸಿದರೆ ಸೀಳುತ್ತವೆ.

ಟ್ರೈಪಾಡಿನ ಮೇಲೆ ಕೊಳವೆಯನ್ನು ಹಿಡಿದು ತಿರುಗಿಸುವ ಮೌಂಟ್, ಅದರ ಮೇಲೆ ಕೊಳವೆ, ಬಳಿಕ ಫೈಂಡರ್, ಕೊನೆಗೆ ಐಪೀಸ್. ಮಸೂರ ದೂರದರ್ಶಕದಲ್ಲಿ ಐಪೀಸಿಗೆ ಮುನ್ನ ಡಯಾಗನಲ್ ಎಂಬ ಮೂಲೆಗನ್ನಡಿ ಬರುತ್ತದೆ. ಇದರಲ್ಲಿ ಬಿಂಬ ನೆಟ್ಟಗಿದ್ದರೂ ಎಡಬಲ ಅದಲುಬದಲಾಗಿರುತ್ತದೆ. ನ್ಯೂಟನ್ ಮಾದರಿಯಲ್ಲಿ ಬಿಂಬ ತಲೆಕೆಳಗು. ಎರಡೂ ದೋಷವಲ್ಲ, ಆಕಾಶ ವೀಕ್ಷಣೆಗೆ ಅಡ್ಡಿಯೂ ಇಲ್ಲ.

ಮೊದಲು ಹಾಕಬೇಕಾದದ್ದು ಅತಿ ದೊಡ್ಡ ಅಂಕಿಯ ಐಪೀಸ್, ಅಂದರೆ 20 ಅಥವಾ 25 ಮಿ.ಮೀ.ನದು. ಆಕಾಶದ ಅಗಲ ಭಾಗ ಕಾಣುವುದರಿಂದ ವಸ್ತುವನ್ನು ಹುಡುಕುವುದು ಸುಲಭ. ಅದು ನಡುವಿಗೆ ಬಂದ ಮೇಲೆ 10 ಮಿ.ಮೀ.ಗೆ ಬದಲಿಸಬಹುದು.

ಫೈಂಡರ್ ಹೊಂದಿಕೆ

ದೂರದರ್ಶಕದ ಮುಖ್ಯ ಕೊಳವೆಯಲ್ಲಿ ಕಾಣುವ ಆಕಾಶ ತುಂಬ ಕಿರಿದು. 36 ಪಟ್ಟಿನಲ್ಲಿ ಸುಮಾರು ಒಂದೂವರೆ ಡಿಗ್ರಿ, 90 ಪಟ್ಟಿನಲ್ಲಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಂದರೆ ಹುಣ್ಣಿಮೆ ಚಂದ್ರ ಹಿಡಿಸುವಷ್ಟೇ ಜಾಗ. ಇಷ್ಟು ಕಿರಿದಾದ ಕಿಂಡಿಯಿಂದ ನೇರವಾಗಿ ಶನಿಯನ್ನು ಹುಡುಕಲು ಹೊರಟವರು ಸೋಲುತ್ತಾರೆ. ಫೈಂಡರ್ ಇರುವುದು ಇದಕ್ಕಾಗಿಯೇ. ಅದು ಪುಟ್ಟ ದುರ್ಬೀನಿನ ರೂಪದಲ್ಲಿರಬಹುದು, ಕೆಂಪು ಚುಕ್ಕಿ ತೋರುವ ಗಾಜಿನ ರೂಪದಲ್ಲಿಯೂ ಇರಬಹುದು.

ಹೊಂದಿಸುವ ಕೆಲಸವನ್ನು ಹಗಲಿನಲ್ಲಿ, ಸೂರ್ಯನಿಗೆ ಬೆನ್ನುಹಾಕಿ ಮಾಡಬೇಕು. ಅರ್ಧ ಕಿಲೋಮೀಟರಿಗೂ ಆಚೆಯ ಮೊಬೈಲ್ ಗೋಪುರದ ತುದಿಯನ್ನೋ ದೇವಸ್ಥಾನದ ಕಳಶವನ್ನೋ 25 ಮಿ.ಮೀ. ಐಪೀಸಿನ ನಡುವಿಗೆ ತನ್ನಿ. ಮೌಂಟಿನ ಬಿಗಿ ಹಾಕಿ, ಕೊಳವೆ ಕದಲದಂತೆ ಫೈಂಡರಿನ ತಿರುಪುಗಳನ್ನು ಮಾತ್ರ ತಿರುಗಿಸುತ್ತ ಅದೇ ತುದಿ ಫೈಂಡರಿನ ನಡುವಿಗೂ ಬರುವಂತೆ ಮಾಡಿ. ಮತ್ತೆ 10 ಮಿ.ಮೀ. ಐಪೀಸ್ ಹಾಕಿ ಇದನ್ನೇ ಪುನರಾವರ್ತಿಸಿ. ರಾತ್ರಿ ಚಂದ್ರನನ್ನೋ ಪ್ರಕಾಶಮಾನ ನಕ್ಷತ್ರವನ್ನೋ ಹಿಡಿದು ಕೊನೆಯ ತಿದ್ದುಪಡಿ ಮಾಡಬಹುದು. ಕೆಂಪು ಚುಕ್ಕಿಯ ಫೈಂಡರನ್ನು ಕೆಲಸ ಮುಗಿದೊಡನೆ ಆರಿಸದಿದ್ದರೆ ಮರುದಿನ ಸೆಲ್ ಖಾಲಿಯಾಗಿರುತ್ತದೆ.

ಮೌಂಟ್ ಮತ್ತು ಧ್ರುವ ನಕ್ಷತ್ರ

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆದ್ದರಿಂದ 90 ಪಟ್ಟು ವರ್ಧನೆಯಲ್ಲಿ ಗುರುಗ್ರಹ ಸುಮಾರು ಎರಡು ನಿಮಿಷದಲ್ಲಿ ನೋಟದಿಂದ ಜಾರಿಹೋಗುತ್ತದೆ. ಅದನ್ನು ಹಿಂಬಾಲಿಸುವ ಕೆಲಸ ಮೌಂಟಿನದು.

ಮೇಲೆ–ಕೆಳಗೆ, ಎಡಕ್ಕೆ–ಬಲಕ್ಕೆ ತಿರುಗುವ ಆಲ್ಟ್–ಅಜಿಮತ್ ಮೌಂಟ್ ಹೊಸಬರಿಗೆ ಸುಲಭ. ಇದೇ ತತ್ವದ ಮೇಲೆ ಪ್ಲೈವುಡ್ ಪೆಟ್ಟಿಗೆಯಲ್ಲಿ ಕನ್ನಡಿ ದೂರದರ್ಶಕವನ್ನು ಕೂರಿಸುವ ವಿಧಾನವನ್ನು ಜಾನ್ ಡಾಬ್ಸನ್ ಜನಪ್ರಿಯಗೊಳಿಸಿದರು. ಸ್ಯಾನ್ ಫ್ರಾನ್ಸಿಸ್ಕೊದ ಕಾಲುದಾರಿಗಳಲ್ಲಿ ದಾರಿಹೋಕರಿಗೆ ಆಕಾಶ ತೋರಿಸುತ್ತಿದ್ದ ಅವರ ಹೆಸರಿನಿಂದಲೇ ಇಂಥವು 'ಡಾಬ್ಸೋನಿಯನ್' ಎನಿಸಿಕೊಂಡವು. ಇವುಗಳಲ್ಲಿ ಅಲುಗಾಟ ಕಡಿಮೆ, ಕೊಟ್ಟ ಹಣಕ್ಕೆ ವ್ಯಾಸವೂ ಹೆಚ್ಚು.

ಇಕ್ವಟೋರಿಯಲ್ ಮೌಂಟಿನ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸಬೇಕು. ಆಮೇಲೆ ಒಂದೇ ಗುಬುಟನ್ನು ತಿರುಗಿಸುತ್ತ ಗ್ರಹವನ್ನು ಹಿಂಬಾಲಿಸಬಹುದು. ಇದಕ್ಕೆ ಮೌಂಟಿನ ಅಳತೆಪಟ್ಟಿಯಲ್ಲಿ ಊರಿನ ಅಕ್ಷಾಂಶವನ್ನು ಇಡಬೇಕು: ಮೈಸೂರಿಗೆ 12, ಬೆಂಗಳೂರು ಮತ್ತು ಮಂಗಳೂರಿಗೆ 13, ಹುಬ್ಬಳ್ಳಿಗೆ 15, ಕಲಬುರಗಿಗೆ 17, ಬೀದರಿಗೆ 18 ಡಿಗ್ರಿ. ನಂತರ ಅಕ್ಷವನ್ನು ಉತ್ತರಕ್ಕೆ ತಿರುಗಿಸಬೇಕು.

ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ಆದ್ದರಿಂದ ನಮ್ಮಲ್ಲಿ ಅದು ತುಂಬ ತಗ್ಗಿನಲ್ಲಿದ್ದು, ಎಷ್ಟೋ ಮನೆಗಳಿಂದ ಮರ, ಕಟ್ಟಡ, ಮಬ್ಬಿನ ಹಿಂದೆ ಅಡಗಿರುತ್ತದೆ. ಆಗ ದಿಕ್ಸೂಚಿಯೇ ಸಾಕು. ದಿಕ್ಸೂಚಿ ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಕರ್ನಾಟಕದಲ್ಲಿ ಇರುವ ವ್ಯತ್ಯಾಸ ಅತ್ಯಲ್ಪ. ಕಬ್ಬಿಣದ ಕಂಬಿ, ಗೇಟುಗಳಿಂದ ದೂರ ನಿಂತು ನೋಡಬೇಕಷ್ಟೆ. ಕಣ್ಣಿನಿಂದ ನೋಡುವಷ್ಟಕ್ಕೆ ಇದಕ್ಕಿಂತ ಹೆಚ್ಚಿನ ನಿಖರತೆ ಬೇಡ. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ಕೆಲವು ಮೌಂಟುಗಳ ಸಮತೂಕದ ಗುಂಡು ಟ್ರೈಪಾಡಿನ ಕಾಲಿಗೆ ತಾಗುವುದುಂಟು. ಹಾಗಾದರೆ ಟ್ರೈಪಾಡಿನ ಎರಡು ಕಾಲುಗಳ ನಡುವಿನ ಜಾಗ ಉತ್ತರಕ್ಕೆ ಬರುವಂತೆ ತಿರುಗಿಸಿ ನಿಲ್ಲಿಸಿ ನೋಡಬೇಕು.

ಗುಂಡನ್ನು ಮೊದಲು ಹಾಕಿ ಕೊಳವೆಯನ್ನು ನಂತರ ಕೂರಿಸಬೇಕು. ಬಿಚ್ಚುವಾಗ ಕೊಳವೆ ಮೊದಲು, ಗುಂಡು ನಂತರ. ಈ ಕ್ರಮ ತಪ್ಪಿದರೆ ಇಡೀ ಉಪಕರಣ ಮಗುಚಬಹುದು.

ಜಾಗ ಮತ್ತು ಹೊತ್ತು

ದಿನವಿಡೀ ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ರಾತ್ರಿ ಬಹಳ ಹೊತ್ತು ಬಿಸಿಗಾಳಿ ಉಗುಳುತ್ತಿರುತ್ತದೆ. ಆ ಗಾಳಿಯ ಮೂಲಕ ನೋಡಿದ ಗ್ರಹ ಕುದಿಯುವಂತೆ ನಡುಗುತ್ತದೆ. ಮಣ್ಣಿನ ಅಂಗಳ ಅಥವಾ ಹುಲ್ಲುನೆಲ ಇದ್ದರೆ ಒಳ್ಳೆಯದು. ತಾರಸಿಯೇ ಗತಿಯಾದರೆ ತಡರಾತ್ರಿ ಅಥವಾ ಬೆಳಗಿನ ಜಾವ ಲೇಸು. ಕಿಟಕಿಯ ಗಾಜಿನ ಮೂಲಕ ನೋಡಿದರೆ ಬಿಂಬ ಕೆಡುತ್ತದೆ.

ಮನೆಯೊಳಗಿದ್ದ ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಹೊರಗಿಡಬೇಕು. ಕನ್ನಡಿ ಹೊರಗಿನ ಉಷ್ಣತೆಗೆ ಬರುವವರೆಗೆ ಕೊಳವೆಯೊಳಗಿನ ಗಾಳಿ ಶಾಂತವಾಗುವುದಿಲ್ಲ. ಕಣ್ಣೂ ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಮೊಬೈಲ್ ಪರದೆಯ ಒಂದು ಮಿಂಚು ಆ ಹೊಂದಿಕೆಯನ್ನು ಅಳಿಸಿಬಿಡುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡರೆ ತೊಂದರೆಯಿಲ್ಲ. ನಕ್ಷತ್ರಗಳು ತೀರ ಮಿನುಗುತ್ತಿರುವ ರಾತ್ರಿ ಗ್ರಹಗಳ ವಿವರ ಕಾಣದು. ಅಂಥ ದಿನ ಕಡಿಮೆ ವರ್ಧನೆಯಲ್ಲಿ ನಕ್ಷತ್ರಗುಚ್ಛಗಳನ್ನು ನೋಡಬಹುದು.

ಮೊದಲು ಏನನ್ನು ನೋಡಬೇಕು

ಚಂದ್ರನಿಂದ ಆರಂಭಿಸಿ. ಹುಣ್ಣಿಮೆಗಿಂತ ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗಿನ ದಿನಗಳು ಚೆನ್ನ. ಬೆಳಕು ಮತ್ತು ನೆರಳು ಸೇರುವ ಗಡಿಯಲ್ಲಿ ಸೂರ್ಯನ ಬೆಳಕು ಓರೆಯಾಗಿ ಬೀಳುವುದರಿಂದ ಕುಳಿಗಳ ಅಂಚು, ಬೆಟ್ಟಗಳ ನೆರಳು ಎದ್ದು ಕಾಣುತ್ತವೆ. ಹುಣ್ಣಿಮೆಯಂದು ನೆರಳಿಲ್ಲದೆ ಎಲ್ಲವೂ ಸಪಾಟು. ಆದರೆ ಟೈಕೊ ಕುಳಿಯಿಂದ ಹೊರಟ ಬಿಳಿ ಗೆರೆಗಳನ್ನು ಕಾಣಲು ಹುಣ್ಣಿಮೆಯೇ ತಕ್ಕ ದಿನ.

ಗುರುವಿನ ಉಪಗ್ರಹಗಳು ಪ್ರತಿ ರಾತ್ರಿಯೂ ಜಾಗ ಬದಲಿಸುತ್ತವೆ. ನಾಲ್ಕೈದು ದಿನ ಚುಕ್ಕಿ ಹಾಕಿ ಚಿತ್ರ ಬರೆದಿಟ್ಟರೆ ಅವು ಸುತ್ತುವುದು ಅರ್ಥವಾಗುತ್ತದೆ. ಶನಿ ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 29.5 ವರ್ಷ ಬೇಕು. ಈ ಅವಧಿಯಲ್ಲಿ ಎರಡು ಬಾರಿ ಬಳೆ ಅಂಚಾಗಿ ತಿರುಗಿ ತೆಳು ಗೆರೆಯಾಗುತ್ತದೆ. 2025ರಲ್ಲಿ ಹಾಗೆ ಆಗಿತ್ತು. ಅಲ್ಲಿಂದ ಮುಂದೆ ಬಳೆ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿದೆ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆ ಮತ್ತು ಕೃತ್ತಿಕೆಯ ಗುಚ್ಛ ಸುಲಭವಾಗಿ ಸಿಗುತ್ತವೆ. ಇವಕ್ಕೆ ಕಡಿಮೆ ವರ್ಧನೆಯೇ ಸರಿ. ಬಣ್ಣದ ಛಾಯಾಚಿತ್ರಗಳನ್ನು ನೋಡಿ ಬಂದವರಿಗೆ ನೀಹಾರಿಕೆ ಬೂದು ಮಂಜಿನಂತೆ ಕಂಡು ನಿರಾಸೆಯಾಗಬಹುದು. ಮಂದ ಬೆಳಕಿನಲ್ಲಿ ಕಣ್ಣು ಬಣ್ಣ ಗುರುತಿಸದು, ಕ್ಯಾಮೆರಾ ಬಹಳ ಹೊತ್ತು ಬೆಳಕನ್ನು ಕೂಡಿಸಿಕೊಳ್ಳುತ್ತದೆ.

ದಕ್ಷಿಣದಲ್ಲಿರುವುದು ನಮಗೊಂದು ಅನುಕೂಲ. ಯುರೋಪಿನ ಬಹುಭಾಗದಲ್ಲಿ ಎಂದೂ ಉದಯಿಸದ ಆಲ್ಫಾ ಸೆಂಟಾರಿ ಬೆಂಗಳೂರಿನಲ್ಲಿ ಬೇಸಗೆಯ ರಾತ್ರಿ ದಿಗಂತದಿಂದ 16 ಡಿಗ್ರಿ ಮೇಲೇರುತ್ತದೆ. ಬರಿಗಣ್ಣಿಗೆ ಒಂದಾಗಿ ಕಾಣುವ ಅದು ಪುಟ್ಟ ದೂರದರ್ಶಕದಲ್ಲೂ ಎರಡು ನಕ್ಷತ್ರಗಳಾಗಿ ಒಡೆಯುತ್ತದೆ. ಲಕ್ಷಾಂತರ ನಕ್ಷತ್ರಗಳು ಒತ್ತಾಗಿ ಸೇರಿದ ಒಮೆಗಾ ಸೆಂಟಾರಿ ಗುಚ್ಛ ಮೇ ತಿಂಗಳಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ. ದಕ್ಷಿಣ ದಿಗಂತ ತೆರೆದಿರುವ ಹಳ್ಳಿಯವರಿಗೆ ಇದು ಸುಲಭದ ನೋಟ.

ಸೂರ್ಯ: ಕಡ್ಡಾಯ ಎಚ್ಚರಿಕೆ

ಶೋಧಕ (ಫಿಲ್ಟರ್) ಇಲ್ಲದ ದೂರದರ್ಶಕದಿಂದ ಅಥವಾ ಅದರ ಫೈಂಡರಿನಿಂದ ಸೂರ್ಯನನ್ನು ಕ್ಷಣಮಾತ್ರ ನೋಡಿದರೂ ಕಣ್ಣು ಶಾಶ್ವತವಾಗಿ ಹೋಗಬಹುದು. ರೆಟಿನಾದಲ್ಲಿ ನೋವು ತಿಳಿಸುವ ನರಗಳಿಲ್ಲದ ಕಾರಣ ಸುಡುವುದು ಗೊತ್ತೇ ಆಗುವುದಿಲ್ಲ. ಸೂರ್ಯಶೋಧಕವನ್ನು ಕೊಳವೆಯ ಮುಂಬಾಯಿಗೆ ಹಾಕಬೇಕು. ಐಪೀಸಿಗೆ ತಿರುಪಿ ಹಾಕುವ ಕಪ್ಪು 'ಸನ್' ಗಾಜು ಪೆಟ್ಟಿಗೆಯಲ್ಲಿ ಬಂದಿದ್ದರೆ ಎಸೆದುಬಿಡಿ. ಕೂಡಿಬಂದ ಶಾಖಕ್ಕೆ ಅದು ಒಡೆಯಬಲ್ಲದು. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುವೂ ರಕ್ಷಣೆಯಲ್ಲ.

ಸೂರ್ಯನನ್ನು ನೋಡುವಾಗ ಫೈಂಡರನ್ನು ಬಿಚ್ಚಿಡಬೇಕು ಅಥವಾ ಮುಚ್ಚಬೇಕು. ಪ್ರತಿ ಸಲವೂ ಶೋಧಕವನ್ನು ಬೆಳಕಿಗೆ ಹಿಡಿದು ತೂತು, ಗೀರು ಇದೆಯೇ ಎಂದು ಪರೀಕ್ಷಿಸಬೇಕು. ಮಕ್ಕಳಿರುವ ಮನೆಯಲ್ಲಿ ಹಗಲು ಹೊತ್ತು ದೂರದರ್ಶಕವನ್ನು ಹೊರಗೆ ಬಿಟ್ಟು ಕದಲಬಾರದು. 2019ರ ಡಿಸೆಂಬರ್ 26ರಂದು ಮಂಗಳೂರು ಮತ್ತು ಕೊಡಗಿನಲ್ಲಿ ಕಂಡಂಥ ಕಂಕಣಗ್ರಹಣಕ್ಕೂ ಇದೇ ನಿಯಮ. ಕಂಕಣ ಪೂರ್ಣವಾದಾಗಲೂ ಶೋಧಕ ತೆಗೆಯುವಂತಿಲ್ಲ.

ಕನ್ನಡಿಗಳ ಹೊಂದಿಕೆ

ನ್ಯೂಟನ್ ಮಾದರಿಯಲ್ಲಿ ಎರಡು ಕನ್ನಡಿಗಳೂ ಒಂದೇ ಅಕ್ಷಕ್ಕೆ ಹೊಂದಿರಬೇಕು. ಇದನ್ನು ಕಾಲಿಮೇಷನ್ ಎನ್ನುತ್ತಾರೆ. ಸಾಗಾಟದಲ್ಲಿ ಕುಲುಕಿದರೆ ಹೊಂದಿಕೆ ತಪ್ಪುತ್ತದೆ. ಪರೀಕ್ಷೆ ಸರಳ: ಪ್ರಕಾಶಮಾನ ನಕ್ಷತ್ರವೊಂದನ್ನು ನೋಟದ ನಡುವಿಗೆ ತಂದು ಫೋಕಸನ್ನು ತುಸು ಕೆಡಿಸಬೇಕು. ಹಿಗ್ಗಿದ ಬಿಂಬದಲ್ಲಿ ಉಂಗುರಗಳು ಒಂದೇ ಕೇಂದ್ರದ ಸುತ್ತ ಇದ್ದರೆ ಹೊಂದಿಕೆ ಸರಿ, ಒಂದು ಪಕ್ಕಕ್ಕೆ ಒತ್ತಿದ್ದರೆ ತಪ್ಪಿದೆ.

ಸರಿಪಡಿಸಲು ಮೊದಲು ಪುಟ್ಟ ಕನ್ನಡಿಯ ತಿರುಪುಗಳನ್ನು, ಅನಂತರ ಕೊಳವೆಯ ತಳದ ಮೂರು ತಿರುಪುಗಳನ್ನು ಕಾಲು ಸುತ್ತಿನಂತೆ ಅಷ್ಟಷ್ಟೇ ತಿರುಗಿಸುತ್ತ ಹೋಗಬೇಕು. ಚೆಷೈರ್ ಎಂಬ ಚಿಕ್ಕ ಸಾಧನವಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಸಂಗಮದೂರ ವ್ಯಾಸದ ಐದರಷ್ಟಿರುವ ಗಿಡ್ಡ ಕೊಳವೆಗಳಲ್ಲಿ ಹೊಂದಿಕೆ ಕರಾರುವಾಕ್ಕಾಗಿರಬೇಕು, ಎಂಟು ಹತ್ತರಷ್ಟಿರುವ ಉದ್ದ ಕೊಳವೆಗಳು ತುಸು ತಪ್ಪನ್ನು ಸಹಿಸುತ್ತವೆ. ಮಸೂರ ದೂರದರ್ಶಕಕ್ಕೆ ಈ ಕೆಲಸ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಶುಚಿಗೊಳಿಸುವುದು

ಸ್ವಲ್ಪ ಧೂಳಿನಿಂದ ಬಿಂಬ ಕೆಡುವುದಿಲ್ಲ, ತಪ್ಪಾಗಿ ಒರೆಸಿದರೆ ಖಂಡಿತ ಕೆಡುತ್ತದೆ. ದೂರದರ್ಶಕದ ಕನ್ನಡಿ ಮನೆಯ ಕನ್ನಡಿಯಂತಲ್ಲ. ಅದರ ಅಲ್ಯೂಮಿನಿಯಂ ಲೇಪ ಗಾಜಿನ ಮುಂಭಾಗದಲ್ಲೇ ಇರುತ್ತದೆ. ಪಂಚೆಯ ತುದಿ, ಸೀರೆಯ ಸೆರಗು, ಟಿಶ್ಯೂ ಕಾಗದ ಯಾವುದನ್ನೂ ತಾಗಿಸಬಾರದು.

ಮಸೂರಕ್ಕೆ ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಬೇಕು, ನಂತರ ಮೃದು ಕುಂಚ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಐಪೀಸಿನ ಮೇಲೆ ಬೆರಳ ಗುರುತೋ ರೆಪ್ಪೆಯ ಎಣ್ಣೆಯೋ ಇದ್ದರೆ ಲೆನ್ಸ್ ಕಾಗದಕ್ಕೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಒತ್ತದೆ, ನಡುವಿನಿಂದ ಅಂಚಿಗೆ ಒರೆಸಬೇಕು. ದ್ರವವನ್ನು ನೇರವಾಗಿ ಗಾಜಿನ ಮೇಲೆ ಸುರಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಮುಂಭಾಗದ ಮಸೂರವನ್ನು ಚೌಕಟ್ಟಿನಿಂದ ಬಿಚ್ಚಬಾರದು. ಅದರಲ್ಲಿ ಎರಡು ಬೇರೆ ಬಗೆಯ ಗಾಜುಗಳನ್ನು ಲೆಕ್ಕದ ಅಂತರದಲ್ಲಿ ಜೋಡಿಸಿರುತ್ತಾರೆ.

ಮುಖ್ಯ ಕನ್ನಡಿಯನ್ನು ತೊಳೆಯುವ ಅಗತ್ಯ ಹಲವು ವರ್ಷಗಳಿಗೊಮ್ಮೆ ಬರಬಹುದು. ಆಗ ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ನೆನೆಸಿ, ಹತ್ತಿಯನ್ನು ತನ್ನ ಭಾರದಲ್ಲೇ ಎಳೆದು, ಡಿಸ್ಟಿಲ್ಡ್ ನೀರಿನಿಂದ ಜಾಲಿಸಿ, ಓರೆಯಾಗಿ ನಿಲ್ಲಿಸಿ ಒಣಗಿಸಬೇಕು. ಬೋರ್‌ವೆಲ್ ನೀರು ಬಿಳಿ ಕಲೆ ಉಳಿಸುತ್ತದೆ.

ಮಳೆಗಾಲ ಮತ್ತು ಬೂಷ್ಟು

ನಮ್ಮ ಹವೆಯಲ್ಲಿ ಮಸೂರದ ದೊಡ್ಡ ಶತ್ರು ಬೂಷ್ಟು. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಇಳಿಯುವುದೇ ಇಲ್ಲ. ಗಾಜಿನ ಮೇಲಿನ ಧೂಳು ಮತ್ತು ಜಿಡ್ಡನ್ನು ತಿಂದು ಬೂಷ್ಟು ಜೇಡರಬಲೆಯಂಥ ಎಳೆಗಳಾಗಿ ಹಬ್ಬುತ್ತದೆ. ಅದು ಹೊರಬಿಡುವ ಆಮ್ಲ ಲೇಪವನ್ನು ಕೊರೆಯುತ್ತದೆ. ಆಮೇಲೆ ಒರೆಸಿದರೂ ಗುರುತು ಉಳಿಯುತ್ತದೆ.

ಐಪೀಸ್, ಡಯಾಗನಲ್, ಬಾರ್ಲೊಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಬೇಕು. ಒಂದು ಪುಟ್ಟ ಆರ್ದ್ರತಾ ಮಾಪಕವಿದ್ದರೆ ಒಳ್ಳೆಯದು. ಒಳಗಿನ ತೇವ ಶೇ 40ರಿಂದ 50ರ ಆಸುಪಾಸಿನಲ್ಲಿರಲಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ತೇವ ತುಂಬಿಕೊಂಡಿದೆಯೆಂದು ಅರ್ಥ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅದರಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಪಾತ್ರೆ ಬಳಸಬಾರದು. ಆವಿ ಗಾಜಿನ ಮೇಲೆ ಕೂರಬಹುದಾದ್ದರಿಂದ ನುಸಿಗುಳಿಗೆಯೂ ಡಬ್ಬಿಯಲ್ಲಿ ಬೇಡ.

ಕೊಳವೆಯನ್ನು ಹೊರಗೋಡೆಗೆ ತಾಗಿಸದೆ, ಗಾಳಿಯಾಡುವ ಕೋಣೆಯಲ್ಲಿ, ಎಲ್ಲ ಬಾಯಿಗಳಿಗೂ ಮುಚ್ಚಳ ಹಾಕಿ ಹತ್ತಿಬಟ್ಟೆ ಹೊದಿಸಿ ಇಡಬೇಕು. ಒಂದು ಕಿಂಡಿ ತೆರೆದಿದ್ದರೂ ಜೇಡ, ಇರುವೆ ಒಳಸೇರುತ್ತವೆ. ಇಬ್ಬನಿ ಬಿದ್ದ ಮಸೂರವನ್ನು ಒರೆಸದೆ, ಒಳಗೆ ತಂದು ಮುಚ್ಚಳ ತೆಗೆದು ಫ್ಯಾನಿನ ಗಾಳಿಯಲ್ಲಿ ಒಣಗಲು ಬಿಡಬೇಕು. ಪೂರ್ತಿ ಆರಿದ ಮೇಲಷ್ಟೇ ಮುಚ್ಚಳ. ವೀಕ್ಷಣೆಯ ವೇಳೆ ಕೊಳವೆಯ ಬಾಯಿಗೆ ಕಪ್ಪು ರಟ್ಟನ್ನು ಸುರುಳಿ ಸುತ್ತಿ ಕಟ್ಟಿದರೆ ಇಬ್ಬನಿ ತಡವಾಗಿ ಕೂರುತ್ತದೆ. ಕಡಲತೀರದಲ್ಲಿ ಬಳಸಿದ ದಿನ ಮೌಂಟ್ ಮತ್ತು ತಿರುಪುಗಳನ್ನು ಒಣಬಟ್ಟೆಯಿಂದ ಒರೆಸಿ ಉಪ್ಪಿನಂಶ ತೆಗೆಯಬೇಕು. ಹಲ್ಲುಚಕ್ರಗಳಿಗೆ ಕೊಬ್ಬರಿ ಎಣ್ಣೆ ಹಾಕಿದರೆ ಧೂಳು ಮೆತ್ತಿಕೊಳ್ಳುತ್ತದೆ, ತುಸು ಲಿಥಿಯಂ ಗ್ರೀಸ್ ಸಾಕು.

ಮಳೆಗಾಲವಿಡೀ ಪೆಟ್ಟಿಗೆಯಲ್ಲೇ ಮುಚ್ಚಿಡುವುದು ತಪ್ಪು. ಬಿಸಿಲು ಬಂದ ದಿನ ಉಪಕರಣವನ್ನು ನೆರಳಿನಲ್ಲಿ ತೆರೆದಿಟ್ಟು ಗಾಳಿಯಾಡಿಸಬೇಕು.

ಕೊಳ್ಳುವ ಮುನ್ನ, ಕೊಂಡ ನಂತರ

ಕೊಳ್ಳುವ ಮುನ್ನ ಬೇರೆಯವರ ದೂರದರ್ಶಕದಲ್ಲಿ ಒಮ್ಮೆ ನೋಡುವುದು ಒಳ್ಳೆಯದು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ ಮತ್ತು ಹವ್ಯಾಸಿ ಖಗೋಳ ಸಂಘಗಳ ಕಾರ್ಯಕ್ರಮಗಳನ್ನು ವಿಚಾರಿಸಿ. ಹಣ ಕಡಿಮೆಯಿದ್ದರೆ ಅಗ್ಗದ ದೂರದರ್ಶಕಕ್ಕಿಂತ 10x50 ಬೈನಾಕ್ಯುಲರ್ ಒಳ್ಳೆಯ ಆರಂಭ. ಈಗಾಗಲೇ ಮನೆಯಲ್ಲಿ ದೂರದರ್ಶಕವಿದ್ದರೆ ಅದನ್ನು ಅಟ್ಟದಿಂದ ಇಳಿಸಿ ಹಗಲಿನಲ್ಲೇ ಫೈಂಡರ್ ಹೊಂದಿಸಿಟ್ಟುಕೊಳ್ಳಿ. ಬರುವ ಶುಕ್ಲಪಕ್ಷದ ಪಂಚಮಿಯ ಸಂಜೆ 25 ಮಿ.ಮೀ. ಐಪೀಸ್ ಹಾಕಿ ಚಂದ್ರನತ್ತ ತಿರುಗಿಸಿ, ಮನೆಯವರೂ ಅಕ್ಕಪಕ್ಕದ ಮಕ್ಕಳೂ ಸರದಿಯಲ್ಲಿ ನೋಡಲಿ.